ಅಂಜೂರದ ಭಾನುವಾರ

ತದೇಯೋ ಗುರಿಕಾರರ ಮಾತು ಬಿದ್ದುಹೋದದ್ದು ಚಳಿಗಾಲಕ್ಕೆಂದು ಕೋಸಿನ ಉಪ್ಪಿನಕಾಯಿ, ಅಂದರೆ ಕಿಮ್ಚಿ, ಹಾಕುವ ವಾರದಲ್ಲಿ. ಅಂಗಳದ ತುಂಬ ಕೋಸು ಉಪ್ಪುನೀರು ಕುಡಿಯುತ್ತ ಮಲಗಿತ್ತು. ಮಡಕೆ ಸುಡುವ ಆವಿಗೆಯ ಚಪ್ಪರದಡಿ ಭರಣಿಗೆಂದು ಮಣ್ಣು ಕುಟ್ಟುತ್ತಿದ್ದ ಗುರಿಕಾರರು ಕೊಡತಿ ಕೈಬಿಟ್ಟರು, ಆಮೇಲೆ ತಾವೂ ಕುಸಿದರು. ಎರಡು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈ ಬಲಗಾಲು ಅವರು ಹೇಳಿದಂತೆ ಕೇಳುತ್ತಿರಲಿಲ್ಲ. ನಾಲಿಗೆಯ ಮೇಲೆ ಉಳಿದಿದ್ದದ್ದು ಒಂದೇ ಒಂದು ಪದ.

"ಗಂಜಿ ಬೇಕಾ ಮಾವಯ್ಯ?" ಎಂದು ಸೊಸೆ ಹೇರಾನ್ ಕೇಳುವಳು.

"ಅಲ್ಲ."

"ಬೇಡ್ವಾ ಹಾಗಾದ್ರೆ?"

"ಅಲ್ಲ."

"ಚಳಿ ಆಗ್ತಿದೆಯಾ?"

"ಅಲ್ಲ," ಎನ್ನುತ್ತಲೇ ಎಡಗೈಯಿಂದ ಹೊದಿಕೆ ಎಳೆದುಕೊಳ್ಳುವರು.

ಮೂವತ್ತು ವರ್ಷ ಗಾಮಗೋಲಿನ ಪ್ರಾರ್ಥನಾಮಂದಿರದಲ್ಲಿ ಶುಭಸಂದೇಶ ಓದಿ ಚಿಂತನೆ ಹೇಳಿದ ನಾಲಿಗೆ ಅದು. ನಮ್ಮ ಕಣಿವೆಗೆ ಫಾದರ್ ಬರುವುದು ತಿಂಗಳ ಮೊದಲ ಭಾನುವಾರ ಮಾತ್ರ. ಉಳಿದ ಭಾನುವಾರ ಗುರಿಕಾರರದ್ದೇ ಓದು, ಗುರಿಕಾರರದ್ದೇ ಪ್ರಬೋಧನೆ. ಕ್ರೈಸ್ತರ ತಲೆ ಕಡಿಸುತ್ತಿದ್ದ ಅರಸರ ಕತ್ತಿಗೆ ಹೆದರಿ ಕಾಡು ಹೊಕ್ಕು ಕುಂಬಾರರಾದ ಮುತ್ತಜ್ಜಂದಿರ ಕಾಲದಿಂದ ಹೀಗೇ ನಡೆದುಬಂದಿದೆ. ಪೇಟೆಯ ಚರ್ಚಿನಿಂದ ವಾರವಾರ ಅಚ್ಚಾದ ಹಾಳೆ ಬರುತ್ತದೆ, ಅದರಲ್ಲಿ ಚಿಂತನೆಯೂ ಇರುತ್ತದೆ. ಅದನ್ನು ಓದಿದರೆ ಸಾಕು, ಯಾರೂ ಬೇಡ ಅನ್ನುವುದಿಲ್ಲ. ತದೇಯೋ ಮಾತ್ರ ಒಂದು ದಿನವೂ ಅದನ್ನು ಓದಿದವರಲ್ಲ. "ಅಚ್ಚಿನ ಮಾತು ಅಂಗಡಿ ಕಿಮ್ಚಿ ಇದ್ದಂಗೆ, ಹೊಟ್ಟೆಗೂ ಇಳಿಯಲ್ಲ, ನೆನಪಲ್ಲೂ ಉಳಿಯಲ್ಲ," ಎನ್ನುವರು. ನೀಲಿ ರಟ್ಟಿನ ಪುಸ್ತಕಗಳಲ್ಲಿ ತಮ್ಮ ಮಾತನ್ನು ತಾವೇ ಬರೆದು, ಅದನ್ನೇ ಓದುವರು.

ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲಕ್ಕೆ ಎರಡು ದಿನ ಇದೆ ಅನ್ನುವಾಗ ಫಾದರ್ ಮನೆಗೇ ಬಂದರು. ಒಲೆಯ ಶಾಖ ಅಡಿಯಲ್ಲಿ ಹಾಯುವ ಬೆಚ್ಚಗಿನ ನೆಲದ ಮೇಲೆ ಎಲ್ಲರೂ ಕೂತು ಬಾರ್ಲಿ ಕಷಾಯ ಕುಡಿದರು.

"ಇನ್ನು ಓದೋರು ಯಾರು?" ಎಂದು ಫಾದರ್ ಕೇಳಿದರು.

ಗುರಿಕಾರರ ಮಗ, ಹೇರಾನಳ ಗಂಡ ಜಿನ್‌ತೇ ಲೋಟದೊಳಗೆ ಇಣುಕಿದ. ಆಳೆತ್ತರದ ಭರಣಿಯನ್ನು ತಿಗರಿಯ ಮೇಲೆ ಒಂದೇ ಉಸಿರಿಗೆ ಎಬ್ಬಿಸುವ ಕೈ ಅವನದು. ಆದರೆ ಹತ್ತು ಜನ ಎದುರಿಗಿದ್ದರೆ ಅವನ ಗಂಟಲಿನಿಂದ ತನ್ನ ಹೆಸರೂ ಹೊರಡದು.

ಪಕ್ಕದ ಮನೆಯ ಲೂಚಿಯಾ ಅಜ್ಜಿ ಅಡುಗೆಮನೆಯಲ್ಲಿದ್ದ ಹೇರಾನಳತ್ತ ಗಲ್ಲ ತೋರಿಸಿ ಬಾಯಿ ಹಾಕಿದಳು. "ನಮ್ಮ ಅಂಜೂರದೋಳೇ ಓದ್ಲಿ ಫಾದರ್. ಮದುವೆಗೆ ಮುಂಚೆ ಪೇಟೆ ಚರ್ಚಲ್ಲಿ ವಾಚನ ಮಾಡ್ತಿದ್ಲಂತೆ."

"ನನ್ನ ಯಜಮಾನ್ರು ನಿಂತ ಜಾಗದಲ್ಲಿ ಇವಳಾ?" ಗುರಿಕಾರರ ಹೆಂಡತಿ ಅಗಾತ ಲೋಟ ಕುಕ್ಕಿದಳು. "ಹೋಗ್ಲಿ, ಅಚ್ಚಿನ ಹಾಳೆ ಓದಿ ಕೂತ್ಕೊಳ್ಳಲಿ ಬೇಕಾದ್ರೆ."

"ನೀನೇನಮ್ಮಾ ಹೇಳ್ತೀಯ?" ಎಂದು ಫಾದರ್ ಅಡುಗೆಮನೆಯತ್ತ ತಿರುಗಿದರು.

"ಒಂದು ನಿಮಿಷ ಇರಿ ಫಾದರ್." ಹೇರಾನ್ ಕೈ ಒರೆಸಿಕೊಂಡು ಗೋಡೆಯ ಚರ್ಚ್ ಕ್ಯಾಲೆಂಡರಿನ ಮುಂದೆ ನಿಂತಳು. ಮುಂದಿನ ವರ್ಷದ ಹಾಳೆಗಳನ್ನು ಮಗುಚಿ, ಮಾರ್ಚ್ ತಿಂಗಳಲ್ಲಿ ಬೆರಳಿಟ್ಟು, ಒಂದು ಭಾನುವಾರದ ಕೆಳಗಿನ ಸಣ್ಣಕ್ಷರ ಓದಿದಳು. ಓದಿ ಮುಗಿಸಿ ಹಿಂದಿರುಗಿದಾಗ ಅವಳ ಮುಖದಲ್ಲಿ ನಗು ಇತ್ತು. ಆರು ವರ್ಷದಲ್ಲಿ ಆ ಮನೆಯಲ್ಲಿ ಅವಳು ಹಾಗೆ ನಕ್ಕಿರಲಿಲ್ಲ.

"ಓದ್ತೀನಿ," ಅಂದಳು.

ಭಾನುವಾರದ ಓದುಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೂರನೆಯ ಭಾನುವಾರ ಈ ಸುತ್ತಿನಲ್ಲಿ ಬರುವುದು ಹಣ್ಣು ಬಿಡದ ಅಂಜೂರದ ಮರದ ಕತೆ. ಒಬ್ಬ ಯಜಮಾನ ಮೂರು ವರ್ಷ ಬಂದು ಬಂದು ಮರ ನೋಡಿದ, ಹಣ್ಣಿಲ್ಲ. ಕಡಿದುಬಿಡು, ನೆಲಕ್ಕೆ ಯಾಕೆ ದಂಡ ಅಂದ. ತೋಟಗಾರ, ಇದೊಂದು ವರ್ಷ ಬಿಡಿ ಒಡೆಯ, ಬುಡ ಅಗೆದು ಗೊಬ್ಬರ ಹಾಕಿ ನೋಡುತ್ತೇನೆ ಅಂದ. ಅಷ್ಟೇ ಕತೆ.

ಹಿಂದಿನ ಸುತ್ತಿನಲ್ಲಿ ಈ ಭಾನುವಾರ ಬಂದಾಗ ಹೇರಾನ್ ಸೊಸೆಯಾಗಿ ಬಂದು ಸರಿಯಾಗಿ ಮೂರು ವರ್ಷವಾಗಿತ್ತು. ತದೇಯೋ ಕತೆಯನ್ನು ಪೂರ್ತಿ ಓದಿದರು. ಆದರೆ ಚಿಂತನೆ ಮಾತ್ರ ಕೊಡಲಿಯ ಹತ್ತಿರವೇ ನಿಂತಿತು. "ಸಹೋದರರೇ, ನಮ್ಮ ಮನೆಯಲ್ಲೂ ಒಂದು ಗಿಡ ತಂದು ನೆಟ್ಟು ಮೂರು ವರ್ಷವಾಯಿತು. ಎಲೆ ಸೊಂಪಾಗಿದೆ. ಮೂರು ಹೊತ್ತು ನೀರೂ ಕುಡಿಯುತ್ತದೆ. ಹಣ್ಣೆಲ್ಲಿ ಸಹೋದರರೇ, ಹಣ್ಣೆಲ್ಲಿ?" ಗಂಡಸರ ಸಾಲು ಗೊಳ್ಳೆಂದಿತು. ಹೆಂಗಸರು ಬಿಳಿ ಮುಸುಕನ್ನು ಬಾಯಿಗೆ ಎಳೆದುಕೊಂಡರು. ಹೇರಾನ್ ಎದ್ದು ಹೋಗಲಿಲ್ಲ. ಎದ್ದರೆ ಎಲ್ಲರ ಕಣ್ಣಿಗೆ ಬೀಳುತ್ತೇನೆಂದು ಕೂತೇ ಇದ್ದಳು. ಮರುದಿನದಿಂದ ಅವಳ ಹೆಸರು 'ಅಂಜೂರದೋಳು' ಎಂದಾಯಿತು. ಸೊಸೆಗೆ ಗರ್ಭ ನಿಲ್ಲಲೆಂದು ಅಗಾತ ಪೇಟೆಯಿಂದ ಕರಿ ಮೇಕೆಯ ಮಾಂಸ ಕುದಿಸಿದ ಕಷಾಯ ತರಿಸಿದಳು. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು.

ಆ ವರ್ಷದ ಶರತ್ಕಾಲದಲ್ಲಿ ಗಂಡ ಹೆಂಡತಿ ಹೊಸ ಭರಣಿ ತಲುಪಿಸುವ ನೆವದಲ್ಲಿ ಪಟ್ಟಣದ ಆಸ್ಪತ್ರೆಗೆ ಹೋಗಿ ಬಂದರು. ವೈದ್ಯರು ಕೊಟ್ಟ ಕಾಗದ ಚೆನ್ನಾಗಿಯೇ ತಿಳಿಯುವಂತಿತ್ತು. ಹೆಂಡತಿಗೆ ಏನೂ ಕೊರತೆಯಿಲ್ಲ. ಗಂಡನಿಗೆ ಸೈನ್ಯದಲ್ಲಿದ್ದಾಗ ಮಂಗನಬಾವು ಬಂದಿತ್ತಲ್ಲ, ಆಗಲೇ ಮಕ್ಕಳಾಗುವ ಶಕ್ತಿ ಮುಗಿದುಹೋಗಿತ್ತು. ವಾಪಸು ಬರುವ ಬಸ್ಸಿನಲ್ಲಿ ಜಿನ್‌ತೇ ಅವಳ ಕೈ ಬಿಡಲಿಲ್ಲ. "ಅಪ್ಪಂಗೆ ಹೇಳ್ಬೇಡ ಕಣೇ. ನಿನ್ನ ಕಾಲು ಹಿಡ್ಕೋತೀನಿ."

ಹೇರಾನ್ ಹೇಳಲಿಲ್ಲ. ಕಷಾಯ ಕುಡಿಯುತ್ತ ಬಂದಳು.

ಫಾದರ್ ಹೋದ ಸಂಜೆ ಅವಳು ಆವಿಗೆಯ ಚಪ್ಪರಕ್ಕೆ ಬಂದಳು. ಜಿನ್‌ತೇ ಹಸಿ ಭರಣಿಯ ಕಂಠ ತೀಡುತ್ತಿದ್ದ.

"ಅಂಜೂರದ ಭಾನುವಾರದೊಳಗೆ ನಿಮ್ಮ ಬಾಯಿಂದಲೇ ಅಪ್ಪ ಅಮ್ಮಂಗೆ ಹೇಳ್ಬಿಡಿ," ಅಂದಳು. "ಇಲ್ಲಾಂದ್ರೆ ಆ ಭಾನುವಾರ ನಾನು ಪೀಠದಿಂದ ಹೇಳ್ತೀನಿ."

ಜಿನ್‌ತೇಯ ಬೆರಳು ಕಂಠವನ್ನು ಚುಚ್ಚಿಬಿಟ್ಟಿತು. "ತಮಾಷೆ ಮಾಡ್ಬೇಡ ಕಣೇ."

"ನಿಮ್ಮಪ್ಪ ಮಾಡಿದ್ರಲ್ಲ ತಮಾಷೆ. ಊರೆಲ್ಲ ನಕ್ಕಿತು. ನೀವೂ ಅಲ್ಲೇ ಕೂತಿದ್ರಿ."

"ನಾನು ನಗ್ಲಿಲ್ಲ."

"ಅಳ್ಲೂ ಇಲ್ಲ. ಇನ್ನೂ ನಾಲ್ಕು ತಿಂಗಳು ಇದೆ ಕಣ್ರೀ. ಒಂದು ಮಾತು ಹೇಳೋಕೆ ನಾಲ್ಕು ತಿಂಗಳು ಸಾಲದಾ?"

*

ಫಾದರ್ ಬಂದದ್ದೊಂದು ಬಿಟ್ಟು ಮೊದಲ ಭಾನುವಾರಗಳಲ್ಲಿ ಹೇರಾನ್ ಸರಳವಾಗಿ ಓದಿದಳು, ಸರಳವಾಗಿ ಹೇಳಿದಳು. ಜನ ಮೆಚ್ಚಿಕೊಂಡರು. ಗುರಿಕಾರರಂತೆ ಕೆಮ್ಮುವುದಿಲ್ಲ, ಬೇಗ ಮುಗಿಸುತ್ತಾಳೆ ಅಂದರು. ಅಗಾತ ಗಂಡನನ್ನು ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿಗೆ ತಂದು ನಿಲ್ಲಿಸುತ್ತಿದ್ದಳು, ಜಾಗ ಯಾರದ್ದೆಂದು ಎಲ್ಲರಿಗೂ ನೆನಪಿರಲಿ ಎಂದು.

ಆಗಮನ ಕಾಲದ ನಾಲ್ಕನೆಯ ಭಾನುವಾರದ ಓದು ಮರಿಯಳು ಬೆಟ್ಟದೂರಿಗೆ ಹೋಗಿ ಜಕರೀಯನ ಮನೆ ಹೊಕ್ಕು ಅವನ ಹೆಂಡತಿ ಎಲಿಜಬೇತಳನ್ನು ಮಾತಾಡಿಸಿದ್ದು.

"ಮನೆ ಜಕರೀಯನದು," ಎಂದು ಹೇರಾನ್ ಚಿಂತನೆ ಶುರು ಮಾಡಿದಳು. "ಅಷ್ಟು ದೂರದಿಂದ ನೆಂಟರು ಬಂದಿದ್ದಾರೆ. ಯಜಮಾನ ಯಾಕೆ ಬಾಗಿಲಿಗೆ ಬಂದು ಮಾತಾಡಿಸಲಿಲ್ಲ? ಆಗ ಅವನಿಗೆ ಮಾತು ಬರುತ್ತಿರಲಿಲ್ಲ. ದೇವರೇ ಬಾಯಿ ಕಟ್ಟಿದ್ದರು. ಎಲಿಜಬೇತಳನ್ನು ಊರೆಲ್ಲ ಬಂಜೆ ಅಂದಿತ್ತು. ಊರು ಹಾಗೆ ಅನ್ನುವಾಗ ಜಕರೀಯ ಏನು ಹೇಳುತ್ತಿದ್ದ? ಬರೆದಿಲ್ಲ. ಬಾಯಿ ಯಾಕೆ ಕಟ್ಟಿದರು ಅಂತ ನಾನು ಮಾತ್ರ ಯೋಚನೆ ಮಾಡುತ್ತಿರುತ್ತೇನೆ."

ಇಡೀ ಮಂದಿರ ಮುಂದಿನ ಸಾಲಿನ ಗಾಲಿಕುರ್ಚಿಯತ್ತ ನೋಡಿತು.

"ಅಲ್ಲ," ಅಂದರು ಗುರಿಕಾರರು.

ಮನೆಗೆ ಬಂದು ಬಾಗಿಲು ಹಾಕುವಷ್ಟು ಹೊತ್ತೂ ಅಗಾತ ತಡೆದುಕೊಳ್ಳಲಿಲ್ಲ.

"ನನ್ನ ಗಂಡಂಗೆ ದೇವರ ಶಾಪ ಅಂದ್ಯಾ?"

"ನಾನೆಲ್ಲಿ ಅಂದೆ ಅತ್ತೆ? ಜಕರೀಯ ಅಂದೆ."

"ನಾನೇನು ನಿನ್ನೆ ಸ್ನಾನದೀಕ್ಷೆ ತಗೊಂಡೋಳಾ? ಇನ್ಮೇಲೆ ಅಚ್ಚಿನ ಹಾಳೆ ಓದು. ಅದ್ರಾಚೆ ಒಂದಕ್ಷರ ಆಡಿದ್ರೆ ನೋಡು."

"ಮಾವಯ್ಯಂಗೆ ಅಚ್ಚಿನ ಮಾತು ಅಂಗಡಿ ಕಿಮ್ಚಿ ಇದ್ದಂಗಲ್ವಾ? ಅವರ ಪದ್ಧತಿ ನಾನ್ಯಾಕೆ ಕೆಡಿಸ್ಲಿ?"

ಆ ಮಧ್ಯಾಹ್ನ ಅನ್ನ ಸೀದಿತ್ತು. ಸೀದ ಭಾಗ ಹೇರಾನಳ ಬಟ್ಟಲಿಗೇ ಬಿತ್ತು. ಅವಳು ಬಿಸಿನೀರು ಹಾಕಿಕೊಂಡು ಕುಡಿದು, "ಸೀದನ್ನದ ಗಂಜಿ ಹೊಟ್ಟೆಗೆ ಒಳ್ಳೇದು," ಅಂದಳು. ಜಿನ್‌ತೇ ತಲೆಯೆತ್ತದೆ ಮೂಲಂಗಿ ಕಡಿಯುತ್ತಿದ್ದ.

ಗುರಿಕಾರರಿಗೆ ಉಣಿಸುವ ಕೆಲಸ ಹೇರಾನಳದೇ ಆಗಿತ್ತು. ಅಗಾತಳ ಬೆರಳ ಗಂಟುಗಳು ಚಳಿಗೆ ಊದಿಕೊಂಡು ಚಮಚ ಹಿಡಿಯಲಾಗುತ್ತಿರಲಿಲ್ಲ. ಹೇರಾನ್ ದಿನವೂ ಗಂಜಿಯನ್ನು ಊದಿ ಆರಿಸಿ, ಗಡ್ಡದ ಕೆಳಗೆ ಬಟ್ಟೆ ಕಟ್ಟಿ, ಒಂದು ಚಮಚ ಚೆಲ್ಲದಂತೆ ಉಣಿಸುವಳು. ಉಣಿಸುತ್ತ ಉಣಿಸುತ್ತ ಮುಂದಿನ ಭಾನುವಾರದ ಚಿಂತನೆಯನ್ನು ಓದಿ ಹೇಳುವಳು. "ಹೇಗಿದೆ ಮಾವಯ್ಯ? ಎಲ್ಲಾದ್ರೂ ತಿದ್ದಬೇಕಾ?"

"ಅಲ್ಲ, ಅಲ್ಲ," ಎಂದು ಅವರು ಎಡಗೈಯಿಂದ ಮಂಚ ಗುದ್ದುವರು.

"ಹಾಗಾದ್ರೆ ಹಾಗೇ ಇಟ್ಕೋತೀನಿ."

ಲೂಚಿಯಾ ಅಜ್ಜಿ ಗೋಡೆಯಾಚೆಯಿಂದ ಇದನ್ನು ಕೇಳಿಸಿಕೊಂಡು ಒಂದು ದಿನ ಹೇರಾನಳನ್ನು ಬಾವಿಯ ಹತ್ತಿರ ಹಿಡಿದಳು. "ಏನೇ ಅಂಜೂರದೋಳೇ, ಗಂಜಿ ಕುಡಿಸ್ತಿದ್ದೀಯೋ, ಸೂಜಿ ಚುಚ್ತಿದ್ದೀಯೋ?"

"ಎರಡೂ ಒಂದೇ ಕೈಯಲ್ಲಿ ಆಗುತ್ತೆ ಅಜ್ಜೀ. ಆ ಹೆಸರು ಇಟ್ಟೋರು ಯಾರು ಅಂತ ನಿಮಗೆ ನೆನಪಿದೆಯಾ?"

ಅಜ್ಜಿ ಕೊಡ ಎತ್ತಿಕೊಂಡು ಹೋದಳು. ಅಂದು ಮುಸುಕಿನೊಳಗೆ ಮೊದಲು ನಕ್ಕವಳು ಅವಳೇ.

*

ಜನವರಿಯಲ್ಲಿ ಹೇರಾನಳ ಹುಟ್ಟಿದ ದಿನ ಬಂತು. ಎಲ್ಲರ ಮನೆಯಲ್ಲೂ ಹುಟ್ಟಿದ ದಿನ ಕಡಲಪಾಚಿಯ ಸಾರು ಮಾಡುತ್ತಾರೆ. ಅಗಾತ ಮಾಡಲಿಲ್ಲ. ಜಿನ್‌ತೇ ಒಲೆಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದ. "ಅಮ್ಮಾ, ಇವತ್ತು ಅವಳ..."

"ಗೊತ್ತು. ಅದು ಬಾಣಂತಿಯರು ಕುಡಿಯೋ ಸಾರು. ಹೆತ್ತ ದಿನ ನಾನೇ ಮಾಡ್ಕೊಡ್ತೀನಿ, ಎರಡು ಪಾತ್ರೆ ಮಾಡ್ಕೊಡ್ತೀನಿ." ಹಾಗೆಂದು ಮೇಕೆ ಕಷಾಯದ ಬಟ್ಟಲನ್ನು ಸೊಸೆಯ ಮುಂದೆ ಇಟ್ಟಳು. "ಬಿಸಿ ಆರೋದ್ರೊಳಗೆ ಕುಡಿ."

ಹೇರಾನ್ ಗಂಡನ ಮುಖ ನೋಡುತ್ತಲೇ ಕೊನೆಯ ಹನಿಯವರೆಗೂ ಕುಡಿದಳು. ಬಟ್ಟಲು ಕೆಳಗಿಡುವಾಗ ಮಾತ್ರ, "ಒಂಬತ್ತು ವಾರ," ಅಂದಳು.

"ಏನದು ಒಂಬತ್ತು ವಾರ?" ಅಗಾತ ಕೇಳಿದಳು.

"ಅವರನ್ನ ಕೇಳಿ."

"ಏನೋ ಅದು?"

"ಅದು... ದೊಡ್ಡ ಆವಿಗೆಗೆ ಬೆಂಕಿ ಹಾಕೋಕಮ್ಮಾ," ಅಂದ ಜಿನ್‌ತೇ.

ಆ ವಾರದ ಓದು ಬಾನಿಯ ನೀರು ದ್ರಾಕ್ಷಾರಸವಾದ ಕಾನಾ ಊರಿನ ಮದುವೆ. ಆರು ಕಲ್ಲಿನ ಬಾನಿಗಳ ಕತೆ ಎಂದರೆ ಕುಂಬಾರರ ಊರಿಗೆ ಹಬ್ಬ. ತದೇಯೋ ಪ್ರತಿ ಸಲವೂ ಬಾನಿಯ ಗಾತ್ರದ ಮೇಲೆ ಅರ್ಧ ಗಂಟೆ ಮಾತಾಡುತ್ತಿದ್ದರು. ಹೇರಾನ್ ಬಾನಿಯ ಮಾತೇ ಎತ್ತಲಿಲ್ಲ. "ದ್ರಾಕ್ಷಾರಸ ಎಲ್ಲಿಂದ ಬಂತು ಅಂತ ಔತಣದ ಪಾರುಪತ್ಯಗಾರನಿಗೆ ಗೊತ್ತಿರಲಿಲ್ಲ. ಮದುಮಗನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನೀರು ಹೊತ್ತವರಿಗೆ ಮಾತ್ರ. ಮನೆಯ ನಿಜ ಯಾವಾಗಲೂ ಅಡುಗೆಮನೆಯಲ್ಲೇ ಇರುತ್ತದೆ. ನೀರು ಹೊತ್ತವಳು ಬಾಯಿ ಬಿಡಲಿಲ್ಲ ಅಂದರೆ ಅವಳಿಗೆ ಗೊತ್ತಿಲ್ಲ ಅಂತಲ್ಲ," ಅಂದಳು. ಗಂಡಸರ ಸಾಲಿನಲ್ಲಿ ಜಿನ್‌ತೇಯ ಕಿವಿ ಕಾದ ಇಟ್ಟಿಗೆಯಂತಾಯಿತು.

ಅಂದು ರಾತ್ರಿಯೂಟಕ್ಕೆ ಅವನು ಗಟ್ಟಿ ಮನಸ್ಸು ಮಾಡಿ ಕೂತ. ಒಣಮೀನಿನ ಸಾರು ಹೊಗೆಯಾಡುತ್ತಿತ್ತು. ಅಪ್ಪ ಮಂಚದ ಮೇಲೆ ದಿಂಬಿಗೆ ಒರಗಿದ್ದರು.

"ಅಪ್ಪಾ, ಅಮ್ಮಾ. ಒಂದು ಮಾತು ಹೇಳ್ಬೇಕು."

ಅಗಾತ ಚಮಚ ಕೆಳಗಿಟ್ಟಳು. ಹೇರಾನಳ ಕೈ ಅರ್ಧದಲ್ಲೇ ನಿಂತಿತು.

"ಹೇಳು."

"ಅದೂ... ಆ ದಿನ ನಾವು ಪಟ್ಟಣಕ್ಕೆ..." ಅವನು ಅಪ್ಪನ ಮುಖ ನೋಡಿದ. ಅರ್ಧ ಜೋತುಬಿದ್ದ ಆ ಮುಖದಲ್ಲಿ ಎಡಗಣ್ಣು ಮೊಳೆ ಹೊಡೆದಂತೆ ಅವನ ಮೇಲೇ ನಿಂತಿತ್ತು. "...ಸಾರಿಗೆ ಉಪ್ಪು ಕಮ್ಮಿ."

"ಕೇಳಿದ್ಯೇನೇ?" ಅಗಾತ ಸೊಸೆಯತ್ತ ತಿರುಗಿದಳು. "ಒಂದು ಸಾರಿಗೆ ಉಪ್ಪು ಹಾಕೋಕೂ ಬರಲ್ಲ, ಪೀಠದ ಮೇಲೆ ನಿಂತು ಊರಿಗೆ ಬುದ್ಧಿ ಹೇಳ್ತಾಳೆ."

ಹೇರಾನ್ ಉಪ್ಪಿನ ಜಾಡಿ ತಂದು ಗಂಡನ ಮುಂದೆ ಇಟ್ಟಳು. "ಎಷ್ಟು ಬೇಕೋ ಅಷ್ಟು ಹಾಕ್ಕೊಳ್ಳಿ."

*

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬಂತು. ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು ಎಲ್ಲರೂ ಒಂದೇ ಹೊತ್ತು ಉಂಡರು. ಉಪವಾಸದ ದಿನವೂ ಅಗಾತ ಕಷಾಯದ ಬಟ್ಟಲು ತಂದಳು.

"ಅತ್ತೆ, ಇವತ್ತು ಮಾಂಸ ಮುಟ್ಟಬಾರದು."

"ಇದು ಮಾಂಸ ಅಲ್ಲ, ಔಷಧಿ. ದೇವರೂ ಒಪ್ತಾನೆ."

"ದೇವರು ಒಪ್ಪಿದ್ರೆ ಮೂರು ವರ್ಷದಲ್ಲಿ ಒಪ್ಪಬೇಕಿತ್ತಲ್ಲ." ಆ ದಿನ ಮೊದಲ ಬಾರಿ ಹೇರಾನ್ ಬಟ್ಟಲನ್ನು ತಿಪ್ಪೆಗೆ ಸುರಿದಳು. ಅಗಾತ ಕಿರುಚಾಡಿದ್ದು ಮೇಲಿನ ಕೇರಿಯವರೆಗೂ ಕೇಳಿಸಿತು. ವಂಶ ಅಂದಳು, ಹರಕೆ ಅಂದಳು, ಕೊನೆಗೆ ಅಳುತ್ತಲೇ ಅಂದಳು: "ಮೂರು ಮಕ್ಕಳನ್ನ ಹೆತ್ತು ಎರಡನ್ನ ಮಣ್ಣಿಗೆ ಹಾಕಿದೋಳು ನಾನು. ಈ ಮನೇಲಿ ಒಂದು ಮಗು ಅಳೋದು ಕೇಳಿ ಸಾಯ್ಬೇಕು ಅನ್ನೋದು ತಪ್ಪೇನೇ?"

ಹೇರಾನ್ ಬಟ್ಟಲು ತೊಳೆದು ಬೋರಲು ಹಾಕಿದಳು. ಗಂಡ ಹಿತ್ತಲಲ್ಲಿ ಸೌದೆ ಒಡೆಯುವ ಸದ್ದು ಮಾತ್ರ ಜೋರಾಯಿತು.

ಎರಡನೆಯ ವಾರ ದೊಡ್ಡ ಆವಿಗೆಗೆ ಬೆಂಕಿ ಬಿತ್ತು. ಮೂರು ಹಗಲು ಸೌದೆ ಉಣಿಸಬೇಕು. ಹೇರಾನ್ ಬುತ್ತಿ ತಂದಾಗ ಜಿನ್‌ತೇ ಆವಿಗೆಯ ಬಾಯಿಯ ಮುಂದೆ ಕೂತಿದ್ದ. ಅವಳ ಮದುವೆಯ ಪೆಟ್ಟಿಗೆ ಪಕ್ಕದಲ್ಲಿತ್ತು, ಮುಚ್ಚಳ ತೆರೆದಿತ್ತು.

"ಹುಡುಕ್ತಿದ್ದದ್ದು ಸಿಕ್ತಾ?" ಅಂದಳು.

"ಸಿಕ್ತು." ಅವನು ಬೆಂಕಿಯತ್ತ ಗಲ್ಲ ತೋರಿಸಿದ. "ಸುಟ್ಟೆ. ಈಗ ನಿನ್ನ ಹತ್ರ ಏನೂ ಇಲ್ಲ."

ಹೇರಾನ್ ಬುತ್ತಿ ಬಿಚ್ಚಿ, ಅನ್ನದುಂಡೆಗಳನ್ನು ತಟ್ಟೆಗೆ ಹಾಕಿ, ಕಿಮ್ಚಿ ಪಕ್ಕಕ್ಕಿಟ್ಟಳು. "ತಿನ್ನಿ. ಆಸ್ಪತ್ರೆ ಕಾಗದ ಸುಟ್ರೆ ಮಂಗನಬಾವು ವಾಸಿ ಆಗುತ್ತಾ? ನನ್ನ ಬಾಯಿ ಸುಟ್ಟಿಲ್ಲವಲ್ಲ ನೀವು."

"ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವೇನೇ?"

"ನಾನು ಮೂರು ವರ್ಷದಿಂದ ಹೇಗೆ ಓಡಾಡ್ತಿದ್ದೀನಿ?"

"ಪಾಸ್ಕ ಹಬ್ಬ ಆದ್ಮೇಲೆ ಹೇಳ್ತೀನಿ. ಸತ್ಯವಾಗ್ಲೂ. ಅಪ್ಪ ಸ್ವಲ್ಪ ಸುಧಾರಿಸ್ಲಿ."

"ಈ ಭಾನುವಾರವೇ. ಮುಂದಿನ ಸುತ್ತು ಬರೋದು ಇನ್ನು ಮೂರು ವರ್ಷಕ್ಕೆ."

*

ಶನಿವಾರ ಮಧ್ಯಾಹ್ನ ಗಂಜಿ ಕುಡಿಸುವಾಗ ಹೇರಾನಳ ಮಡಿಲಲ್ಲಿ ಗುರಿಕಾರರದೇ ಒಂದು ನೀಲಿ ಪುಸ್ತಕವಿತ್ತು. ಅವರು ಅದನ್ನು ಕಂಡೊಡನೆ ಗುರುತಿಸಿದರು. ಎಡಗೈ ಚಾಚಿದರು, ಎಟುಕಲಿಲ್ಲ.

"ಮಾವಯ್ಯ, ಹಣ್ಣು ಬಿಡದ ಮರ ನಾನಾ?"

"ಅಲ್ಲ."

"ತಪ್ಪು ನಿಮ್ಮ ಸೊಸೇದಾ?"

"ಅಲ್ಲ."

ಹೇರಾನ್ ಹತ್ತು ಸಲ ಕೇಳಿದಳು. ಹತ್ತು ಸಲವೂ ಅದೇ ಉತ್ತರ ಬಂತು. ಬೇರೆ ಉತ್ತರ ಬರುವುದಾದರೂ ಹೇಗೆ? ಅವಳು ಅವರ ಗಡ್ಡ ಒರೆಸಿ, "ನಾಳೆಯೂ ಹೀಗೇ ಹೇಳಿ, ಸಾಕು," ಅಂದಳು.

ಬಾಗಿಲಲ್ಲಿ ನಿಂತಿದ್ದ ಅಗಾತಳಿಗೆ ಪುಸ್ತಕ ಕಂಡಿತು. "ಅವರ ಪುಸ್ತಕ ಮುಟ್ಟಬೇಡ."

"ಅವರ ಮಾತನ್ನೇ ಓದೋಕೆ ಅತ್ತೆ. ನನ್ನದು ಒಂದು ಅಕ್ಷರವೂ ಸೇರಿಸಲ್ಲ. ನೀವು ಬಯಸಿದ್ದೂ ಅದೇ ಅಲ್ವಾ?"

ಭಾನುವಾರ ಮಂದಿರ ತುಂಬಿತ್ತು. ಆವಿಗೆ ಆರಿಸಿದ ವಾರ ಎಲ್ಲರಿಗೂ ಬಿಡುವು. ಫಾದರ್ ಬರುವ ಭಾನುವಾರವಲ್ಲ. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ, ನಡುವೆ ಗಾಲಿಕುರ್ಚಿಯಲ್ಲಿ ಗುರಿಕಾರರು. ಹೇರಾನ್ ಅಂಜೂರದ ಕತೆಯನ್ನು ಕೊಡಲಿಯಿಂದ ಗೊಬ್ಬರದವರೆಗೂ ನಿಧಾನವಾಗಿ ಓದಿದಳು. ಆಮೇಲೆ ನೀಲಿ ಪುಸ್ತಕ ತೆರೆದಳು.

"ಇವತ್ತಿನ ಚಿಂತನೆ ನನ್ನದಲ್ಲ. ಮೂರು ವರ್ಷದ ಹಿಂದೆ ಇದೇ ಭಾನುವಾರ ನಮ್ಮ ಗುರಿಕಾರರು ಹೇಳಿದ್ದು." ಅವರ ಧಾಟಿಯಲ್ಲೇ, ಅವರು ನಿಲ್ಲಿಸುತ್ತಿದ್ದ ಕಡೆ ನಿಲ್ಲಿಸಿ ಓದಿದಳು. "ಸಹೋದರರೇ, ನಮ್ಮ ಮನೆಯಲ್ಲೂ ಒಂದು ಗಿಡ ತಂದು ನೆಟ್ಟು ಮೂರು ವರ್ಷವಾಯಿತು. ಎಲೆ ಸೊಂಪಾಗಿದೆ. ಮೂರು ಹೊತ್ತು ನೀರೂ ಕುಡಿಯುತ್ತದೆ. ಹಣ್ಣೆಲ್ಲಿ ಸಹೋದರರೇ, ಹಣ್ಣೆಲ್ಲಿ?"

ಈ ಸಲ ಯಾರೂ ನಗಲಿಲ್ಲ. ಲೂಚಿಯಾ ಅಜ್ಜಿ ಮುಸುಕನ್ನು ಹಣೆಯವರೆಗೂ ಎಳೆದುಕೊಂಡಳು.

ಹೇರಾನ್ ಪೀಠ ಬಿಟ್ಟು ಇಳಿದು ಗಾಲಿಕುರ್ಚಿಯ ಮುಂದೆ ನಿಂತಳು. "ಬರೆದವರು ಇಲ್ಲೇ ಇದ್ದಾರೆ. ಕೇಳಿಯೇಬಿಡೋಣ. ಮಾವಯ್ಯ, ತಪ್ಪು ಸೊಸೇದಾ?"

ಗುರಿಕಾರರು ಅವಳನ್ನೇ ನೋಡಿದರು. ಬಾಯಿ ಮುಚ್ಚಿತ್ತು.

"ತಪ್ಪು ಸೊಸೇದಾ ಮಾವಯ್ಯ?"

ನವೆಂಬರಿನಿಂದ ದಿನಕ್ಕೆ ನೂರು ಸಲ ಬೇಡದಿದ್ದರೂ ಉದುರುತ್ತಿದ್ದ ಆ ಪದ ಇಂದು ಉದುರಲಿಲ್ಲ. ಗುರಿಕಾರರು ತುಟಿ ಕಚ್ಚಿ ಹಿಡಿದರು. ಎಡಗೆನ್ನೆ ಅದುರಿತು, ಕತ್ತಿನ ನರ ಉಬ್ಬಿತು, ಬಾಯಿ ಮಾತ್ರ ಬಿಡಲಿಲ್ಲ. ಇದ್ದ ಒಂದೇ ಪದವನ್ನು ಅವಳಿಗೆ ಕೊಡಲೊಲ್ಲದೆ ಮುದುಕ ಕೂತೇ ಇದ್ದರು.

ಅಗಾತಳ ಮುಖದಲ್ಲಿ ನಗು ಮೂಡಿತು. "ಸಿಕ್ತಲ್ಲ ಉತ್ತರ. ಹೋಗಿ ಮುಂದಿನ ಪ್ರಾರ್ಥನೆ ಹೇಳು."

ಹೇರಾನ್ ಪೀಠಕ್ಕೆ ವಾಪಸಾದಳು. ಪುಸ್ತಕ ಮುಚ್ಚಿದಳು. ಗಂಡಸರ ಸಾಲಿನತ್ತ ತಿರುಗಿ ಗಂಡನನ್ನು ನೋಡಿದಳು. "ಗುರಿಕಾರರು ಹೇಳಲಿಲ್ಲ. ಹಾಗಾದರೆ ಹಣ್ಣು ಯಾಕೆ ಬಿಡಲಿಲ್ಲ ಅಂತ ನಾನೇ ಹೇಳಬೇಕಾಯಿತು. ಮೂರು ವರ್ಷದ ಹಿಂದೆ ಶರತ್ಕಾಲದಲ್ಲಿ ನಾನೂ ನನ್ನ ಗಂಡನೂ..."

"ಸಾಕು!"

ಜಿನ್‌ತೇ ಎದ್ದು ನಿಂತಿದ್ದ. ಪಕ್ಕದವನ ಹೆಗಲು ಹಿಡಿದುಕೊಂಡಿದ್ದ. "ನಂದು," ಅಂದ. ಧ್ವನಿ ಮುಂದಿನ ಸಾಲಿಗೂ ತಲುಪಲಿಲ್ಲ. ಇನ್ನೊಂದು ಸಲ ಅಂದ. "ನಂದು ತಪ್ಪು. ಆಸ್ಪತ್ರೇಲಿ ನೋಡಿದಾರೆ. ನನ್ನಿಂದ ಆಗಲ್ಲ. ಅವಳಿಗೆ ಏನೂ ಇಲ್ಲ. ಎಲ್ಲ ಗೊತ್ತಿದ್ದೂ ಆ ಕಷಾಯ ಕುಡಿಸೋಕೆ ಬಿಟ್ಟೆ."

ಆಗ ಗುರಿಕಾರರ ಬಾಯಿ ಒಡೆಯಿತು. "ಅಲ್ಲ! ಅಲ್ಲ! ಅಲ್ಲ!" ಎಡಗೈಯಿಂದ ಕುರ್ಚಿಯ ತೋಳು ಗುದ್ದುತ್ತ, ಮಗನ ಕಡೆ ತಿರುಗಲಾಗದೆ ಕುರ್ಚಿಯೊಳಗೇ ಹೊರಳಾಡುತ್ತ ಕೂಗಿದರು. "ಅಲ್ಲ! ಅಲ್ಲ!"

ಇಡೀ ಮಂದಿರ ಕೇಳಿತು. ಯಾವ ಮಾತಿಗೆ ಆ ಪದ ಕೊಡಲಿಲ್ಲ, ಯಾವುದಕ್ಕೆ ಕೊಟ್ಟರು ಎಂಬುದನ್ನು ಎಲ್ಲರೂ ಕಂಡರು. ಅಂದು ಗೊಳ್ಳೆಂದಿದ್ದ ಗಂಡಸರು ತಮ್ಮ ಕಾಲುಚೀಲ ನೋಡಿಕೊಂಡರು. ಅಗಾತ ಮುಸುಕಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಹೇರಾನ್ ಆ ಕೂಗು ತಾನಾಗಿ ನಿಲ್ಲುವವರೆಗೂ ಕಾದಳು. ಅವಸರ ಮಾಡಲಿಲ್ಲ.

"ವಿಶ್ವಾಸ ಪ್ರಮಾಣಕ್ಕಾಗಿ ಎದ್ದು ನಿಲ್ಲೋಣ," ಅಂದಳು.

ಎಲ್ಲರೂ ಎದ್ದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಲೂಚಿಯಾ ಅಜ್ಜಿ ಅವಳ ಪಕ್ಕಕ್ಕೆ ಬಂದು, ಏನೋ ಹೇಳಹೋಗಿ ನುಂಗಿಕೊಂಡು, "ಬರ್ತೀನಮ್ಮಾ, ಹೇರಾನ್," ಅಂದಳು. ಮೂರು ವರ್ಷದಲ್ಲಿ ಆ ಹೆಸರು ಅವಳ ಬಾಯಿಗೆ ಬಂದದ್ದು ಅದೇ ಮೊದಲು.

*

ಮನೆಯಲ್ಲಿ ಅಗಾತ ಬಟ್ಟೆಯನ್ನೂ ಬದಲಿಸದೆ ಅಡುಗೆಮನೆ ಹೊಕ್ಕಳು. ಪಾತ್ರೆ ಸದ್ದಾಯಿತು. ಊದಿದ ಬೆರಳುಗಳಲ್ಲಿ ಎರಡೂ ಕೈ ಸೇರಿಸಿ ಬಟ್ಟಲು ಹಿಡಿದುಕೊಂಡು ಬಂದಳು. ಮೇಕೆ ಕಷಾಯದ ವಾಸನೆ ಕೋಣೆ ತುಂಬಿತು. ಹೇರಾನ್ ಮುಖ ಎತ್ತಿದಳು. ಬಟ್ಟಲು ಅವಳನ್ನು ದಾಟಿ ಜಿನ್‌ತೇಯ ಮುಂದೆ ಕೂತಿತು.

"ಕುಡಿ."

"ಅಮ್ಮಾ, ಇದರಿಂದ ಏನೂ ಆಗಲ್ಲ. ವೈದ್ಯರು ಹೇಳಿದಾರೆ..."

"ಕುಡಿ ಅಂದೆ. ಏನೂ ಆಗಲ್ಲ ಅಂತ ಗೊತ್ತಿದ್ದೂ ಅವಳು ಕುಡೀಲಿಲ್ವಾ? ಇನ್ನೂ ಎರಡು ಪೆಟ್ಟಿಗೆ ಇದೆ. ಒಂದು ಹನಿ ಚೆಲ್ಲೋ ಹಾಗಿಲ್ಲ."

ಜಿನ್‌ತೇ ಮೂಗು ಹಿಡಿದು ಕುಡಿದ. ಹೇರಾನ್ ನೋಡುತ್ತಿದ್ದಳು.

"ನೀನು ನಕ್ಕೀಯ, ಜೋಕೆ," ಅಂದಳು ಅಗಾತ. "ನನ್ನ ಗಂಡನ್ನ, ನನ್ನ ಮಗನ್ನ ಊರ ಮುಂದೆ ಬೆತ್ತಲೆ ನಿಲ್ಲಿಸಿದೆ. ಇದನ್ನ ಮರೀತೀನಿ ಅಂದ್ಕೋಬೇಡ."

"ಮರೀಬೇಡಿ ಅತ್ತೆ. ನಾನೂ ಮರೀಲಿಲ್ಲ."

ಅವಳು ಗಂಜಿಯ ಬಟ್ಟಲು ಎತ್ತಿಕೊಂಡು ಮಾವನ ಮಂಚಕ್ಕೆ ಹೋದಳು. ಗಡ್ಡದ ಕೆಳಗೆ ಬಟ್ಟೆ ಕಟ್ಟಿದಳು. ಒಂದು ಚಮಚ ಊದಿ ಆರಿಸಿ ತುಟಿಗೆ ಹಿಡಿದಳು. ಗುರಿಕಾರರು ಗೋಡೆಯ ಕಡೆ ಮುಖ ಮಾಡಿ, ಮಂದಿರದಲ್ಲಿ ಮುಚ್ಚಿದ ಹಾಗೆಯೇ ಬಾಯಿ ಬಿಗಿಮುಚ್ಚಿದರು.

"ಬೇಡ್ವಾ?"

ಅವರು ಕಣ್ಣನ್ನೂ ಮುಚ್ಚಿಕೊಂಡರು.

ಅವಳು ಚಮಚ ಇಳಿಸಲಿಲ್ಲ. ಒಲೆಯ ಮೇಲಿನ ನೀರು ಕುದಿದು ಆರಿತು. ಅಗಾತ ಎರಡು ಸಲ ಬಾಗಿಲಿಗೆ ಬಂದು ಹೋದಳು.

"ಮೂರು ವರ್ಷ ಕಾದೋಳು ನಾನು ಮಾವಯ್ಯ. ಒಂದು ಚಮಚ ಗಂಜಿಗೆ ಕಾಯಲ್ವಾ?"

ಹಸಿವು ಹೆಚ್ಚೋ, ಸೋತದ್ದು ಹೆಚ್ಚೋ, ಕೊನೆಗೆ ಮುಖ ಈ ಕಡೆ ತಿರುಗಿತು, ಬಾಯಿ ತೆರೆಯಿತು. ಹೇರಾನ್ ಚಮಚವನ್ನು ಒಳಗಿಟ್ಟು, ತುಟಿಯಂಚು ಒರೆಸಿ, ಬಟ್ಟಲಿನಿಂದ ಇನ್ನೊಂದು ಚಮಚ ತುಂಬಿಕೊಂಡಳು.

"ಇದೊಂದು ವರ್ಷ ಇರ್ಲಿ," ಅಂದಳು. "ಗೊಬ್ಬರ ಹಾಕಿ ನೋಡ್ತೀನಿ."